ಹನ್ನೆರಡನೆಯ ಬಡಿತ

ಶನಿವಾರ ಬೆಳಿಗ್ಗೆ ಗ್ರಿಮ್ಸ್‌ಬಿಯಲ್ಲಿ,
ಮೀನುಬಂದರಿನ ಹಿಂದಿನ ಬೀದಿಯ ರಿಕಾರ್ಡು ಅಂಗಡಿಯಲ್ಲಿ
ಪಂಚಾಯ್ತಿ ಕೂತಿತ್ತು.
ಕಟಕಟೆಯಲ್ಲಿ ಒಂದು ಹೊಸ ತಟ್ಟೆ:
ಬ್ಯಾರನ್ ಹಾಲೋ, ಆಯ್ದ ಹದಿನಾಲ್ಕು ಹಾಡು.
ಹೊದಿಕೆಯ ಮೇಲೆ ಅದೇ ಸುಣ್ಣದ ಮುಖ, ಅದೇ ಗೂಬೆಗಣ್ಣು,
ಎಪ್ಪತ್ತು ದಾಟಿದ ಕೆನ್ನೆಗೆ ಯಾರೋ ಇಸ್ತ್ರಿ ಹಾಕಿದ್ದಾರೆ.

ನಾನು ಮೂಲೆಯಲ್ಲಿ, ಜಾಝ್ ಡಬ್ಬಗಳ ಹತ್ತಿರ,
ಏನೂ ಕೊಳ್ಳಲು ಬಾರದವನ ಹಾಗೆ.

ಥೆಲ್ಮಾ ಕಲ್ಪಿನ್ ಮೊದಲು ಮೂಗು ಮುರಿದಳು:
“ಹದಿನಾಲ್ಕರಲ್ಲಿ ಆರು ಎಂಬತ್ತಾರರ ಆಚೆಯವು!
ಸಿಂಥಸೈಜರು ಕೊಂಡು ತಲೆ ಕೆಡಿಸಿಕೊಂಡಿದ್ದ ಕಾಲದವು.
ವಿಗ್ಗು ಶುರುವಾಗಿದ್ದೂ ಆಗಲೇ.”
ಅವನ ಬಾವಲಿರೆಕ್ಕೆಯ ಒಂದು ಚಿಂದಿ
ಇವತ್ತಿಗೂ ಅವಳ ಬಿಸ್ಕತ್ತಿನ ಡಬ್ಬದಲ್ಲಿದೆ.
ಸೊಸೆ ಒಮ್ಮೆ ಮಸಿಬಟ್ಟೆಯೆಂದು ಅದರಲ್ಲೇ ಸಿಂಕು ಒರೆಸಿ,
ಆ ವರ್ಷದ ಕ್ರಿಸ್ಮಸ್ಸು ಮಾತಿಲ್ಲದೆ ಕಳೆಯಿತು.

ಬಸ್ಸು ಓಡಿಸುವ ಗೆಡ್‌ಗೆ ಯಾವ ತಕರಾರೂ ಇಲ್ಲ.
“ಇಮ್ಮಿಂಗ್‌ಹ್ಯಾಮಿಗೆ ಹೋಗಿ ಬರುವಷ್ಟರಲ್ಲಿ
ಸರಿಯಾಗಿ ಮುಗಿಯುತ್ತದೆ” ಎಂದ.
ಎಲ್ಲರೂ ಅವನನ್ನು ನೋಡಿದ ರೀತಿಗೆ
ಪಾಪ, ಟೋಪಿ ಹಾಕಿಕೊಂಡ.

ಆಮೇಲೆ ಬಂತು ನಿಜವಾದ ಜಗಳ:
‘ವಿಧುರನ ಗಡಿಯಾರ.’
ಕ್ಲೀಥೋರ್ಪ್ಸ್‌ನ ಸಭಾಂಗಣದಲ್ಲಿ ಹಿಡಿದದ್ದು, ಎಪ್ಪತ್ತೆಂಟರ ನವೆಂಬರು.
ಹಾಡಿನ ಕೊನೆಗೆ ಬ್ಯಾರನ್ ಶವಪೆಟ್ಟಿಗೆಯೊಳಗೆ ಮಲಗುತ್ತಾನೆ,
ಮುಚ್ಚಳ ಬೀಳುತ್ತದೆ, ವಾದ್ಯ ನಿಲ್ಲುತ್ತದೆ,
ಕತ್ತಲಲ್ಲಿ ಗಂಟೆ ಹೊಡೆಯುತ್ತದೆ.
ಮರದ ಗಂಟೆ.
ಹೊಸ ತಟ್ಟೆಯಲ್ಲಿ ಮೂರು ಹೊಡೆದು ಮೆಲ್ಲಗೆ ಕರಗಿಹೋಗುತ್ತದೆ.

“ಮೂರು! ಹನ್ನೊಂದಿತ್ತು!” ಥೆಲ್ಮಾ ಮೇಜು ಗುದ್ದಿದಳು.
“ಅದು ಡ್ರಮ್ಮಿನವನ ಪ್ರತಿಭೆ” ಎಂದ ಅಂಗಡಿಯ ಆಲ್ವಿನ್,
“ಹೆಂಡತಿ ಸತ್ತವನ ಎದೆ ಹೇಗೆ ತಪ್ಪಿ ತಪ್ಪಿ ಬಡಿಯುತ್ತದೆ, ಕೇಳಿ.”
ಕಿವಿಗೆ ಮೊಳೆ ಚುಚ್ಚಿಸಿಕೊಂಡ ಹುಡುಗನೊಬ್ಬ
ಮೂರೇ ಸಾಕು ಎಂದ,
ಮೂರು ಗಂಟೆಗೇ ತನಗೆ ಎಚ್ಚರವಾಗುವುದು ಎಂದ.
ಅವನಿಗೆ ಯಾರೂ ಎದುರಾಡಲಿಲ್ಲ.

ಆ ಪೆಟ್ಟಿಗೆ ಮಾಡಿದವನು ನಾನು.
ಅಲ್ಲಿಯವರೆಗೆ ದೋಣಿ ಬಿಟ್ಟು ಬೇರೇನೂ ಮಾಡಿರಲಿಲ್ಲ.
ದೋಣಿಯ ಹಲಗೆ ನೀರು ಕುಡಿದು ಊದಬೇಕು,
ಊದಿದರೇ ಸಂದು ಕೂಡುವುದು, ಊದಿದರೇ ಜೀವ ಉಳಿಯುವುದು.
ಕೈಗೆ ಗೊತ್ತಿದ್ದದ್ದು ಅದೊಂದೇ.
ಆ ರಾತ್ರಿ ಕಡಲ ಮಂಜು ಬಾಗಿಲಿನಿಂದ ಒಳಗೆ ಬಂದಿತ್ತು,
ಟಿಕೆಟ್ಟಿಲ್ಲದೆ.
ಮುಚ್ಚಳ ಕಚ್ಚಿಕೊಂಡಿತು.

ಒಳಗಿದ್ದವನ ನಿಜವಾದ ಹೆಸರು ನಾರ್ಮನ್,
ಸ್ಕಂಥಾರ್ಪಿನ ಕಡೆಯವನು,
ಲಿಫ್ಟಿಗೂ ಹೆದರುತ್ತಿದ್ದ, ಮೆಟ್ಟಿಲು ಹತ್ತಿಯೇ ಬರುತ್ತಿದ್ದ.
ಬಡಿದ.
ಎರಡು ಸಾವಿರ ಜನ ಉಸಿರು ಬಿಗಿಹಿಡಿದು
ಗಂಟೆ ಎಣಿಸಿದರು.

ಎಲ್ಲರ ಮಾತು ಮುಗಿದ ಮೇಲೆ
ಬಾಗಿಲ ಬಳಿಯಿಂದ ಡೆಸ್ಮಂಡ್ ಎಂಬ ಮುದುಕ,
ಇಪ್ಪತ್ತು ವರ್ಷ ಪಿಯಾನೋ ಶ್ರುತಿ ಮಾಡಿದವನು,
ಯಾರಿಗೂ ಅಲ್ಲದ ಹಾಗೆ ಹೇಳಿದ:
“ಹನ್ನೊಂದಲ್ಲ, ಹನ್ನೆರಡು.
ಹನ್ನೊಂದು ಒಳಗಿನಿಂದ, ಮಾಂಸದ ಸದ್ದು.
ಕೊನೆಯದು ಹೊರಗಿನಿಂದ. ಅದು ಮರಕ್ಕೆ ಮರ.”

“ನಿನ್ನ ಕಿವಿಗೆ ಎಣ್ಣೆ ಬಿಡಿಸಿಕೋ” ಎಂದಳು ಥೆಲ್ಮಾ.
ನಕ್ಕರು. ಆಲ್ವಿನ್ ಬೇರೆ ತಟ್ಟೆ ಹಾಕಿದ.

ನನ್ನ ಕೊಡತಿ ಈಗಲೂ ಷೆಡ್ಡಿನಲ್ಲಿದೆ, ಹಿಡಿ ಸೀಳಿದೆ.
ಮುಚ್ಚಳ ತೆರೆದಾಗ ಅವನು ಅಳುತ್ತಿದ್ದ,
ಸುಣ್ಣವೆಲ್ಲ ಇಳಿದು ಕೊರಳಿಗೆ ಬಂದಿತ್ತು.
ಸಭಾಂಗಣ ಎದ್ದು ನಿಂತು ಕೂಗುತ್ತಿತ್ತು.
ಅವನು ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು:
“ನಾಳೆಯೂ ಹೀಗೇ ಮಾಡಬೇಕಾ?”

ಡೆಸ್ಮಂಡನನ್ನು ಎದುರಿನ ಹೋಟೆಲಿಗೆ ಕರೆದೊಯ್ದೆ.
ಯಾಕೆ ಎಂದು ಅವನು ಕೇಳಲಿಲ್ಲ.
ಚಹಾ ಬಂತು. ಸಕ್ಕರೆ ಎಷ್ಟು ಎಂದೆ.
ಚಮಚದಿಂದ ಮೇಜನ್ನು
ಎರಡು ಸಲ ತಟ್ಟಿದ.